ಪಾರ್ಕಿನಲ್ಲಿ ಡಬ್ಬಿ ಬಚ್ಚಿಡಬಹುದಾ? ಜಿಯೋಕ್ಯಾಶಿಂಗ್‌ಗೆ ಯಾವ ಜಿಪಿಎಸ್ ತಗೊಳ್ಳಲಿ?

ಪುಟ್ಟನ ಅಮ್ಮ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆ ರಜೆಯಲ್ಲಿ ಸಿಯಾಟಲ್‌ನಲ್ಲಿರುವ ಅಣ್ಣನ ಮನೆಗೆ ಹೋಗಿದ್ದೆವು. ಅಲ್ಲಿ ಅಣ್ಣನ ಮಕ್ಕಳು ನನ್ನ ಹತ್ತು ವರ್ಷದ ಮಗನಿಗೆ ಜಿಯೋಕ್ಯಾಶಿಂಗ್ ಹುಚ್ಚು ಹಿಡಿಸಿ ಕಳಿಸಿದ್ದಾರೆ. ಗೊತ್ತಿಲ್ಲದವರಿಗೆ ಎರಡು ಮಾತು: ಯಾರೋ ಒಂದು ಡಬ್ಬಿ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶವನ್ನು ವೆಬ್‌ಸೈಟಿನಲ್ಲಿ ಹಾಕಿರುತ್ತಾರೆ. ನಾವು ಜಿಪಿಎಸ್ ಹಿಡಿದು ಹುಡುಕಬೇಕು. ಸಿಕ್ಕಿದರೆ ಒಳಗಿರುವ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದ ಹಾಗೇ ಇಟ್ಟು ಬರಬೇಕು.

ಈಗ ಇವನಿಗೆ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಒಂದು ಡಬ್ಬಿ ಇಡಬೇಕಂತೆ. ಇಡಬಹುದಾ? ಯಾರನ್ನಾದರೂ ಕೇಳಬೇಕಾ? ಇನ್ನೊಂದು, ಅಣ್ಣ ಡಿಸೆಂಬರ್‌ನಲ್ಲಿ ಬರುವಾಗ ಒಂದು ಜಿಪಿಎಸ್ ತಂದುಕೊಡುತ್ತೇನೆ ಅಂತಿದ್ದಾನೆ. ಯಾವುದು ಹೇಳಲಿ? ಮೊಬೈಲ್ ಸಾಲಲ್ವಾ?

ಕೊನೆಗೊಂದು ತಪ್ಪೊಪ್ಪಿಗೆ. ಅಲ್ಲಿನ ಒಂದು ಡಬ್ಬಿಯಲ್ಲಿ ನಾಯಿಗೆ ಕಟ್ಟುವ ಬಿಲ್ಲೆಯ ಥರ ಒಂದು ಲೋಹದ ಬಿಲ್ಲೆ ಇತ್ತು, ಮೇಲೆ ನಂಬರ್. ಇವನು ಅದನ್ನು ತಗೊಂಡು, ಬದಲಿಗೆ ಒಂದು ಬುಗುರಿ ಇಟ್ಟು ಬಂದ. ಅದು ಈಗ ನಮ್ಮ ಮನೆಯ ಷೋಕೇಸಿನಲ್ಲಿದೆ. ಅದನ್ನು ಇಟ್ಟುಕೊಳ್ಳುವಂತಿಲ್ಲ ಅಂತ ನಿನ್ನೆ ಎಲ್ಲೋ ಓದಿದೆ. ನಿಜವಾ?


ಮಳೆಯೂರಿನವ, ಸಿಯಾಟಲ್

ಮೇಡಂ, ನಿಮ್ಮ ಅಣ್ಣನ ಊರಿನವನೇ ನಾನು. ಈ ಆಟದ ದೊಡ್ಡ ವೆಬ್‌ಸೈಟ್ ನಡೆಸುವವರ ಕಚೇರಿ ಇಲ್ಲೇ ಫ್ರೀಮಾಂಟ್ ಬಡಾವಣೆಯಲ್ಲಿದೆ. ಒಳಗೆ ಹೋಗಿ ಲಾಗ್‌ಬುಕ್‌ನಲ್ಲಿ ಕನ್ನಡದಲ್ಲಿ ಸಹಿ ಹಾಕಿ ಬಂದಿದ್ದೇನೆ, ಸುಮ್ನೆ ಹೇಳಿಕೊಂಡೆ.

ಮೊದಲು ಬಿಲ್ಲೆಯ ವಿಷಯ. ಅದು ಟ್ರಾವೆಲ್ ಬಗ್. ಆಟದ ಸಾಮಾನಲ್ಲ, ಪ್ರಯಾಣಿಕ. ಅದಕ್ಕೊಬ್ಬ ಯಜಮಾನ ಇರುತ್ತಾನೆ, ಅದು ಎಲ್ಲಿಗೆ ಹೋಗಬೇಕು ಅನ್ನೋ ಆಸೆಯೂ ಇರುತ್ತದೆ. ಬಿಲ್ಲೆಯ ಮೇಲಿನ ನಂಬರನ್ನು ಸೈಟಿನಲ್ಲಿ ಹಾಕಿ ನೋಡಿ, ಅದರ ಕಥೆ ಪೂರ್ತಿ ಬರುತ್ತದೆ. ತಗೊಂಡವರು ಒಂದೆರಡು ವಾರದಲ್ಲಿ ಬೇರೆ ಡಬ್ಬಿಗೆ ಸಾಗಿಸುವುದು ವಾಡಿಕೆ. ತಡವಾದರೆ ಯಜಮಾನನಿಗೆ ಒಂದು ಸಾಲು ಬರೆಯಿರಿ, ಯಾರೂ ಬೈಯುವುದಿಲ್ಲ. ಬುಗುರಿ ಕೊಟ್ಟು ಬಂದದ್ದು ಬಹಳ ಇಷ್ಟವಾಯಿತು. ಡಬ್ಬಿಯ ಉಳಿದ ಸಾಮಾನಿಗೆ ನಿಯಮವೇ ಅದು: ತಗೊಂಡರೆ ಅದರಷ್ಟೇ ಬೆಲೆಯದ್ದೋ, ಸ್ವಲ್ಪ ಜಾಸ್ತಿಯದ್ದೋ ಇಡಬೇಕು. ಏನೂ ಇಲ್ಲದಿದ್ದರೆ ಏನೂ ತಗೊಳ್ಳದೆ ಸಹಿ ಹಾಕಿ ಬರಬೇಕು.

ಈ ಆಟ ಶುರುವಾದ ಕಥೆ ನಿಮ್ಮ ಮಗನಿಗೆ ಹೇಳಿ. ಮೊದಲೆಲ್ಲ ಅಮೆರಿಕದವರು ಸಾಮಾನ್ಯ ಜನರ ಜಿಪಿಎಸ್ ಸಿಗ್ನಲ್‌ನಲ್ಲಿ ಬೇಕಂತಲೇ ತಪ್ಪು ಬೆರೆಸುತ್ತಿದ್ದರು. ನೂರು ಮೀಟರ್‌ವರೆಗೂ ಆಚೀಚೆ ತೋರಿಸುತ್ತಿತ್ತು. 2000ನೇ ಇಸವಿಯ ಮೇ ತಿಂಗಳ ಮೊದಲ ದಿನಗಳಲ್ಲಿ ಅದನ್ನು ನಿಲ್ಲಿಸಿದರು. ಮೇ 3ರಂದೇ ಡೇವ್ ಉಲ್ಮರ್ ಎಂಬಾತ ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಕರಿ ಬಕೆಟ್ ಇಟ್ಟು, ಜಾಗದ ಅಂಕಿಗಳನ್ನು ಇಂಟರ್ನೆಟ್‌ನಲ್ಲಿ ಹಾಕಿದ. ಒಳಗೆ ಪುಸ್ತಕ, ಸಾಫ್ಟ್‌ವೇರ್, ಒಂದು ಚಾಟಿಬಿಲ್ಲು, ಒಂದು ಡಬ್ಬ ಬೀನ್ಸ್. ಮೂರು ದಿನದೊಳಗೆ ಜನ ಹುಡುಕಿದರು. ಅದೇ ಸೆಪ್ಟೆಂಬರ್‌ನಲ್ಲಿ ವೆಬ್‌ಸೈಟ್ ಶುರುವಾದಾಗ ಅದರಲ್ಲಿದ್ದದ್ದು 75 ಡಬ್ಬಿ.

ತಮಾಷೆ ಏನಂದರೆ ಆ ಮೊದಲ ಬಕೆಟ್ ಇವತ್ತಾಗಿದ್ದರೆ ಪಾಸಾಗುತ್ತಿರಲಿಲ್ಲ. ಅರ್ಧ ನೆಲದಲ್ಲಿ ಹೂತಿದ್ದರು, ಒಳಗೆ ತಿನ್ನುವ ಸಾಮಾನಿತ್ತು. ಈಗ ಎರಡಕ್ಕೂ ಅವಕಾಶವಿಲ್ಲ.


ಪಾರ್ಕ್ ಕಾಕಾ, ಹುಬ್ಬಳ್ಳಿ

ಎಲ್ಲಾ ಛಲೋ ಐತಿ. ಆದರೆ ಒಂದು ಕೇಳುತ್ತೇನೆ, ಸಿಟ್ಟಾಗಬೇಡ್ರಿ. ನಾವು ದಿನಾ ಬೆಳಿಗ್ಗೆ ವಾಕಿಂಗ್ ಹೋದಾಗ ಪಾರ್ಕಿನಿಂದ ಪ್ಲಾಸ್ಟಿಕ್ ಎತ್ತಿ ಹಾಕಿ ಸಾಕಾಗಿದೆ. ನೀವು ಪ್ಲಾಸ್ಟಿಕ್ ಡಬ್ಬಿ ತಂದು ಇಡುತ್ತೇವೆ ಅಂತೀರಿ. ಒಂದು ವರ್ಷ ಕಳೆದ ಮೇಲೆ ಅದು ಕಸ ಅಲ್ಲೇನ್ರಿ?


ಕುಡ್ಲದವ, ಈಗ ಜರ್ಮನಿ

ಕಾಕಾ ಹೇಳಿದ್ದರಲ್ಲಿ ತಪ್ಪಿಲ್ಲ ಮಾರಾಯ್ರೆ. ನೋಡಿಕೊಳ್ಳುವವರಿಲ್ಲದ ಡಬ್ಬಿ ಕಸವೇ. ಅದಕ್ಕೇ ಡಬ್ಬಿ ಇಟ್ಟವನಿಗೆ ಓನರ್ ಅಂತ ಕರೆಯುವುದು. ಒಡೆದರೆ ಬದಲಿಸಬೇಕು, ಪುಸ್ತಕ ಒದ್ದೆಯಾದರೆ ಹೊಸದಿಡಬೇಕು, ಬೇಡವಾದರೆ ಹೋಗಿ ಎತ್ತಿಕೊಂಡು ಬಂದು ಪುಟ ಮುಚ್ಚಬೇಕು. ಮಾಡದಿದ್ದರೆ ಸೈಟಿನ ಸ್ವಯಂಸೇವಕರೇ ಮುಚ್ಚುತ್ತಾರೆ. ಅವರಿಗೆ ರಿವ್ಯೂವರ್ ಎನ್ನುತ್ತಾರೆ. ಹೊಸ ಡಬ್ಬಿ ಪ್ರಕಟ ಆಗುವುದಕ್ಕೂ ಅವರೇ ಒಪ್ಪಬೇಕು.

ಇನ್ನೊಂದು ಪದ್ಧತಿ ಇದೆ, ಸಿಟೋ ಅಂತ. ಡಬ್ಬಿ ಹುಡುಕಲು ಹೋದವರು ಬರುವಾಗ ದಾರಿಯ ಕಸ ಹೊತ್ತು ತರುವುದು. 2002ರಿಂದ ನಡೆದು ಬಂದಿದೆ. ನಾವು ಇಲ್ಲಿ ವರ್ಷಕ್ಕೆರಡು ಸಲ ಕಾಡಿಗೆ ಹೋಗಿ ಚೀಲ ತುಂಬಿಸಿಕೊಂಡು ಬರುತ್ತೇವೆ. ಕಳೆದ ಸಲ ನನಗೆ ಸಿಕ್ಕಿದ್ದು ಒಂದು ಟಾಯ್ಲೆಟ್ ಕಮೋಡ್. ಜರ್ಮನಿ ಸ್ವಚ್ಛ ಅನ್ನುವವರಿಗೆ ಫೋಟೋ ಕಳಿಸುತ್ತೇನೆ.


ಪಾರ್ಕ್ ಕಾಕಾ, ಹುಬ್ಬಳ್ಳಿ

ಹಂಗಾದರೆ ಅಡ್ಡಿಯಿಲ್ಲ. ಫೋಟೋ ಬೇಡ.


ಇಂಬಳ, ತೀರ್ಥಹಳ್ಳಿ

ಪುಟ್ಟನ ಅಮ್ಮ, ಪಾರ್ಕ್ ಅಂದರೆ ನನಗೆ ಭಯ. ಅದಕ್ಕಿಂತ ಕಾಡೇ ವಾಸಿ. ಯಾಕೆ ಹೇಳಿ? ನಮ್ಮಲ್ಲಿ ಬಸ್ ಸ್ಟ್ಯಾಂಡ್, ಮೆಟ್ರೊ, ಎಲ್ಲಿ ಹೋದರೂ ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಅಂತ ಕೂಗುತ್ತಿರುತ್ತಾರೆ. ಅಂಥ ಊರಿನಲ್ಲಿ ಒಬ್ಬರು ಪೊದೆಯೊಳಗೆ ಟೇಪ್ ಸುತ್ತಿದ ಡಬ್ಬಿ ತುರುಕಿ, ಆಕಡೆ ಈಕಡೆ ನೋಡಿ ಜಾಗ ಖಾಲಿ ಮಾಡಿದರೆ ಏನಾಗುತ್ತದೆ? ಇಂಗ್ಲೆಂಡಿನ ವೆದರ್ಬಿಯಲ್ಲಿ 2011ರಲ್ಲಿ ಇದೇ ಆಯಿತು. ಕೆಫೆಯ ಮುಂದೆ ಯಾರೋ ಕೂತು ಏನೋ ಇಟ್ಟು ಹೋದರು ಅಂತ ದೂರು ಹೋಯಿತು. ಬೀದಿ ಖಾಲಿ ಮಾಡಿಸಿ, ಬಾಂಬ್ ದಳ ಬಂದು ಅದನ್ನು ಸ್ಫೋಟಿಸಿತು. ಆಮೇಲೆ ನೋಡಿದರೆ ಜಿಯೋಕ್ಯಾಶ್.

ಹಾಗಾಗಿ ಪಾರದರ್ಶಕ ಡಬ್ಬಿ ತಗೊಳ್ಳಿ. ಒಳಗಿರುವುದು ಹೊರಗಿನಿಂದಲೇ ಕಾಣಬೇಕು. ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಚೀಟಿ ಅಂಟಿಸಿ: ಇದು ಆಟದ ಡಬ್ಬಿ, ಒಳಗೆ ಪುಸ್ತಕ ಪೆನ್ಸಿಲ್ ಇದೆ, ನೋಡಿ ಇಲ್ಲೇ ಇಡಿ. ಕೆಳಗೆ ನಿಮ್ಮ ಫೋನ್ ನಂಬರ್. ಅಮೆರಿಕದಲ್ಲಿ ಸೈನ್ಯದ ಹಳೇ ಮದ್ದಿನ ಪೆಟ್ಟಿಗೆ ಬಳಸುತ್ತಾರೆ. ಗಟ್ಟಿ ಏನೋ ಹೌದು. ಇಲ್ಲಿ ಅದನ್ನು ಮನೆಯಲ್ಲಿ ಅಕ್ಕಿ ತುಂಬಲು ಇಟ್ಟುಕೊಳ್ಳಿ.


ಮಳೆಯೂರಿನವ, ಸಿಯಾಟಲ್

ಇಂಬಳ ಅವರ ಮಾತಿಗೆ ನನ್ನದೊಂದು. ಇಲ್ಲಿ ನಮಗೆ ಕಲಿಸುವುದು ಏನು? ಆಟ ಗೊತ್ತಿಲ್ಲದವರ, ಅಂದರೆ ಮಗಲ್‌ಗಳ ಕಣ್ಣಿಗೆ ಬೀಳಬೇಡಿ ಅಂತ. ಬೆಂಗಳೂರಿನಲ್ಲಿ ಅದನ್ನು ಪಾಲಿಸಲು ಹೋಗಿ ಕೆಟ್ಟೆ. ಎರಡು ವರ್ಷದ ಹಿಂದೆ ಒಂದು ಪಾರ್ಕಿನ ಬೆಂಚಿನ ಕೆಳಗೆ ಕೈ ಹಾಕಿ ತಡಕುತ್ತಿದ್ದೆ. ಒಬ್ಬ ಹಿರಿಯರು ನಿಂತು, "ಏನ್ ಕಳ್ಕೊಂಡ್ರಿ?" ಅಂದರು. ಬೀಗದ ಕೈ ಅಂದೆ. ಅವರು ಬಗ್ಗಿಯೇಬಿಟ್ಟರು. ಐದು ನಿಮಿಷದಲ್ಲಿ ನಾಲ್ಕು ಜನ ಸೇರಿ ನನ್ನ ಇಲ್ಲದ ಬೀಗದ ಕೈ ಹುಡುಕುತ್ತಿದ್ದರು. ಒಬ್ಬರಂತೂ ಬೀಗ ರಿಪೇರಿಯವನ ನಂಬರ್ ಕೊಟ್ಟರು. ನಾನು ಜೇಬಿನಿಂದ ನನ್ನದೇ ಕೀ ತೆಗೆದು ಸಿಕ್ಕಿತು ಅಂತ ಹೇಳಿ, ಡಬ್ಬಿ ಸಿಗದೆ ವಾಪಸ್ ಬಂದೆ.

ಈಗ ಯಾರು ಕೇಳಿದರೂ ನಿಜ ಹೇಳುತ್ತೇನೆ. ಇದೊಂದು ಹುಡುಕಾಟದ ಆಟ, ಈ ಫೋನ್ ನೋಡಿ ಅಂತ. ಗುಟ್ಟು ಹೋದರೂ ಅನುಮಾನ ಉಳಿಯುವುದಿಲ್ಲ. ನನ್ನ ಪ್ರಕಾರ ನಮ್ಮ ಊರಿಗೆ ಇದೇ ಸರಿ.


ಕುಡ್ಲದವ, ಈಗ ಜರ್ಮನಿ

ನಾನು ಪೂರ್ತಿ ಒಪ್ಪುವುದಿಲ್ಲ. ಎಲ್ಲರಿಗೂ ತೋರಿಸಿದರೆ ಮರುದಿನ ಡಬ್ಬಿಯೇ ಇರುವುದಿಲ್ಲ. ಕೇಳಿದವರಿಗೆ ಹೇಳಿ, ಆದರೆ ಅವರ ಎದುರಿಗೆ ತೆಗೆಯಬೇಡಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಇನ್ನೊಂದು ದಿನ ಬನ್ನಿ.


ಮಳೆಯೂರಿನವ, ಸಿಯಾಟಲ್

ನೀವು ಹದಿನೈದು ದಿನದ ರಜೆಯಲ್ಲಿ ಬಂದು, ಅದರಲ್ಲಿ ಹತ್ತು ದಿನ ಮದುವೆ ಊಟ ಮಾಡಿ, ಉಳಿದ ಒಂದು ಬೆಳಿಗ್ಗೆ ಪಾರ್ಕಿಗೆ ಹೋಗಿ ನೋಡಿ. ಇನ್ನೊಂದು ದಿನ ಅಂತ ಇರುವುದಿಲ್ಲ.


ಸರ್ವೆ ಕಲ್ಲು, ಮೈಸೂರು

ನಾನು ಭೂಮಾಪನ ಇಲಾಖೆಯಲ್ಲಿ 34 ವರ್ಷ ಸರಪಳಿ ಎಳೆದವನು, ಈಗ ನಿವೃತ್ತ. ಈ ಆಟ ಆಡಿಲ್ಲ. ಆದರೆ ಅಂಕಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು, ಹೇಳಬಹುದಾ?

ಆ ಸೈಟಿನವರು ಅಕ್ಷಾಂಶವನ್ನು ಡಿಗ್ರಿ ಮತ್ತು ದಶಮಾಂಶ ಮಿನಿಟಿನಲ್ಲಿ ಕೊಡುತ್ತಾರೆ. ಉದಾಹರಣೆಗೆ ಉತ್ತರ 12° 56.400. ಇದನ್ನು 12 ಡಿಗ್ರಿ, 56 ಮಿನಿಟು, 40 ಸೆಕೆಂಡು ಅಂತ ಓದಿದರೆ ಕೆಟ್ಟಿರಿ. 56.400 ಅಂದರೆ 56 ಮಿನಿಟು 24 ಸೆಕೆಂಡು. ವ್ಯತ್ಯಾಸ 16 ಸೆಕೆಂಡು. ನೆಲದ ಮೇಲೆ ಅದು ಸುಮಾರು 490 ಮೀಟರ್. ಅರ್ಧ ಕಿಲೋಮೀಟರ್ ದೂರದಲ್ಲಿ ನಿಂತು ಡಬ್ಬಿ ಇಲ್ಲ ಅಂತ ಬರೆದರೆ ತಪ್ಪು ಯಾರದ್ದು?

ಕೊನೆಯ ಅಂಕಿಯ ಬೆಲೆಯೂ ತಿಳಿದಿರಲಿ. 0.001 ಮಿನಿಟು ಅಂದರೆ ಎರಡು ಮೀಟರ್‌ಗೂ ಸ್ವಲ್ಪ ಕಡಿಮೆ. ಅದಕ್ಕಿಂತ ಸೂಕ್ಷ್ಮವಾಗಿ ಆ ಅಂಕಿ ಹೇಳುವುದಿಲ್ಲ, ನಿಮ್ಮ ಫೋನೂ ಹೇಳುವುದಿಲ್ಲ.

ಇನ್ನು ಡೇಟಮ್, ಅಂದರೆ ಅಕ್ಷಾಂಶ ರೇಖಾಂಶ ಅಳೆಯಲು ಹಿಡಿಯುವ ಆಧಾರ ಚೌಕಟ್ಟು. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84. ನಮ್ಮ ಹಳೇ ಟೋಪೋ ನಕ್ಷೆಗಳು ಎವರೆಸ್ಟ್ ಡೇಟಮ್‌ನವು. ಹೌದು, ಶಿಖರಕ್ಕೆ ಯಾರ ಹೆಸರಿಟ್ಟರೋ ಅದೇ ಸರ್ವೆಯರ್. ಒಂದರ ಅಂಕಿಯನ್ನು ಇನ್ನೊಂದರ ಮೇಲೆ ಇಟ್ಟರೆ ನಮ್ಮ ಕಡೆ ನೂರು ಮೀಟರ್‌ಗೂ ಜಾಸ್ತಿ ಸರಿಯುತ್ತದೆ. ಹಳೇ ನಕ್ಷೆ ಹಿಡಿದು ಹೋಗುವ ಚಾರಣಿಗರಿಗೆ ಇದು ಗೊತ್ತಿರಲಿ.


ಪುಟ್ಟನ ಅಮ್ಮ, ಬೆಂಗಳೂರು

ಸರ್!! ನಿಮ್ಮ ಕಾಲಿಗೆ ಬಿದ್ದೆ. ಹೋದ ಭಾನುವಾರ ನಾವು ಇಲ್ಲಿನ ಒಂದು ಡಬ್ಬಿ ಹುಡುಕಲು ಹೋಗಿ ಒಂದು ಟೈಲರ್ ಅಂಗಡಿಯ ಮುಂದೆ ನಿಂತಿದ್ದೆವು. ಅಂಗಡಿಯವರು ಬ್ಲೌಸ್ ಅಳತೆಗೆ ಬಂದಿದ್ದೇನೆ ಅಂದುಕೊಂಡರು. ಈಗ ನೀವು ಹೇಳಿದ ಮೇಲೆ ನೋಡಿದೆ. ನಾನು ಮಾಡಿದ್ದು ಅದೇ ತಪ್ಪು. ಪುಟ್ಟ "ಅಮ್ಮಾ ನೀನು ಇಂಜಿನಿಯರ್ ಅಲ್ವಾ" ಅಂತ ನಗುತ್ತಿದ್ದಾನೆ.


ಹಳೇ ನೋಕಿಯಾ, ಬೆಂಗಳೂರು

ಜಿಪಿಎಸ್ ವಿಷಯಕ್ಕೆ ಯಾರೂ ಬರಲೇ ಇಲ್ಲ, ನಾನು ಬರುತ್ತೇನೆ. ಮೇಡಂ, ಈಗಲೇ ಏನೂ ತರಿಸಬೇಡಿ. ಊರೊಳಗೆ ಹುಡುಕಲು ಮೊಬೈಲ್ ಸಾಕು. ಬಯಲಿನಲ್ಲಿ ಫೋನೂ ಜಿಪಿಎಸ್ ಕೈಸಾಧನವೂ ಸುಮಾರು ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತವೆ. ಡಬ್ಬಿ ಇಟ್ಟವನ ಜಿಪಿಎಸ್‌ನಲ್ಲೂ ಅಷ್ಟೇ ತಪ್ಪು ಇರುತ್ತದಲ್ಲ? ಎರಡೂ ಕೂಡಿದರೆ ಎಂಟು ಹತ್ತು ಮೀಟರ್. ಹಾಗಾಗಿ ಹತ್ತು ಮೀಟರ್ ಒಳಗೆ ಬಂದ ಮೇಲೆ ಫೋನ್ ಜೇಬಿಗೆ ಹಾಕಿ, ಕಣ್ಣಿನಿಂದ ಹುಡುಕಬೇಕು. ನಾನಾದರೆ ಎಲ್ಲಿ ಇಡುತ್ತಿದ್ದೆ ಅಂತ ಯೋಚಿಸಿ. ಹೊಸಬರು ಬಾಣದ ಗುರುತಿನ ಹಿಂದೆ ಗಾಣದ ಎತ್ತಿನ ಹಾಗೆ ಸುತ್ತುತ್ತಾರೆ, ಹುಲ್ಲೆಲ್ಲ ಸವೆದು ದಾರಿಯಾಗುತ್ತದೆ.

ಬಾಣ ಸುಮ್ಮಸುಮ್ಮನೆ ತಿರುಗುತ್ತಿದ್ದರೆ ಫೋನಿನ ಕವರ್ ತೆಗೆದು ನೋಡಿ. ಪರ್ಸ್ ಥರದ ಕವರಿನಲ್ಲಿ ಅಯಸ್ಕಾಂತ ಇರುತ್ತದೆ, ಒಳಗಿನ ದಿಕ್ಸೂಚಿಗೆ ಅದೇ ಉತ್ತರ ದಿಕ್ಕು. ನನ್ನ ಹೆಂಡತಿಯ ಫೋನಿನಲ್ಲಿ ಯಾವಾಗಲೂ ದಕ್ಷಿಣವೇ ಉತ್ತರ. ಕಾರಣ ಕವರೋ ಅವಳೋ ತಿಳಿಯಲಿಲ್ಲ, ಕವರ್ ತೆಗೆದ ಮೇಲೆ ಸರಿಹೋಯಿತು.

ಹೊಸ ಫೋನ್ ತಗೊಳ್ಳುವವರಿದ್ದರೆ ಮೆಗಾಪಿಕ್ಸೆಲ್ ಬಿಟ್ಟು ಒಂದು ವಿಷಯ ನೋಡಿ: ಎಲ್1 ಜೊತೆ ಎಲ್5 ಸಿಗ್ನಲ್ ಹಿಡಿಯುತ್ತದಾ? ಉಪಗ್ರಹಗಳು ಕಳಿಸುವ ಎರಡು ಬೇರೆ ಬೇರೆ ತರಂಗಾಂತರದ ಸಿಗ್ನಲ್‌ಗಳು ಇವು. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ಸುತ್ತಿ ಬರುತ್ತದೆ, ಅದಕ್ಕೇ ನೀವು ರಸ್ತೆಯ ಆಚೆ ಬದಿಯಲ್ಲಿದ್ದಂತೆ ತೋರಿಸುವುದು. ಎಲ್5 ಇದ್ದರೆ ಇಂಥ ತಪ್ಪು ಕಡಿಮೆ. 2018ರಲ್ಲಿ ಶಿಯೋಮಿ ಮಿ 8 ಬಂದ ಮೇಲೆ ಫೋನ್‌ಗಳಲ್ಲಿ ಇದು ಶುರುವಾಯಿತು. ಆಂಡ್ರಾಯ್ಡ್ ಇದ್ದರೆ ಜಿಪಿಎಸ್‌ಟೆಸ್ಟ್ ಅನ್ನೋ ಆ್ಯಪ್ ಹಾಕಿ ಬಯಲಿಗೆ ಹೋಗಿ ನಿಲ್ಲಿ. ಯಾವ ದೇಶದ ಎಷ್ಟು ಉಪಗ್ರಹ ಸಿಗುತ್ತಿದೆ, ಎಲ್5 ಇದೆಯಾ ಇಲ್ವಾ, ಎಲ್ಲಾ ಕಾಣುತ್ತದೆ. ನಾವಿಕ್, ಅಂದರೆ ಜಿಪಿಎಸ್ ಥರದ್ದೇ ನಮ್ಮ ಇಸ್ರೋದ ವ್ಯವಸ್ಥೆ, ಅದರ ಉಪಗ್ರಹಗಳೂ ಎಲ್5ನಲ್ಲಿ ಸಿಗ್ನಲ್ ಕಳಿಸುತ್ತವೆ. ಅವುಗಳ ನಿಯಂತ್ರಣ ನಮ್ಮ ಬ್ಯಾಲಾಳು ಮತ್ತು ಹಾಸನದಿಂದ. ಪುಟ್ಟನಿಗೆ ಆ ಪರದೆಯಲ್ಲಿ ನಮ್ಮ ಬಾವುಟ ತೋರಿಸಿ, ಡಬ್ಬಿ ಸಿಗದಿದ್ದರೂ ಆ ದಿನ ಖುಷಿಯಾಗಿರುತ್ತಾನೆ.


ಇಂಬಳ, ತೀರ್ಥಹಳ್ಳಿ

ಊರೊಳಗೆ ಫೋನ್ ಸರಿ, ಮಲೆನಾಡಿಗೆ ಬನ್ನಿ ಗುರುಗಳೇ. ಆಗುಂಬೆ ಮಳೆಯಲ್ಲಿ ಒದ್ದೆ ಬೆರಳಿಗೆ ಟಚ್‌ಸ್ಕ್ರೀನ್ ಜಗ್ಗುವುದಿಲ್ಲ. ಪರದೆ ಉರಿಸಿಕೊಂಡು ನಡೆದರೆ ಮಧ್ಯಾಹ್ನದ ಹೊತ್ತಿಗೆ ಚಾರ್ಜ್ ಖಾಲಿ, ಆಮೇಲೆ ಮನೆಗೆ ಫೋನ್ ಮಾಡಲೂ ಗತಿಯಿಲ್ಲ. ಕೈಗೆ ಬಟನ್ ಇರುವ ಸಾಧನ ಬೇಕು, ಅಂಗಡಿಯಲ್ಲಿ ಸಿಗುವ ಡಬಲ್ ಎ ಸೆಲ್ ಹಾಕುವಂಥದ್ದು.


ಹಳೇ ನೋಕಿಯಾ, ಬೆಂಗಳೂರು

ಒಪ್ಪಿದೆ. ನನ್ನ ಹತ್ತಿರವೂ ಹಳೇ ಗಾರ್ಮಿನ್ ಇಟ್ರೆಕ್ಸ್ 10 ಇದೆ. ಹೆಸರಿಗೆ ತಕ್ಕ ಹಾಗೆ ನೋಕಿಯಾ 1100ರ ಅಣ್ಣ. ಕಪ್ಪು ಬಿಳುಪು ಪರದೆ, ರಸ್ತೆ ನಕ್ಷೆ ಇಲ್ಲ, ಆದರೆ ಎರಡು ಸೆಲ್‌ಗೆ 25 ಗಂಟೆ ಓಡುತ್ತದೆ. ಹೊಸಬರಿಗೆ ಈಗ ಇಟ್ರೆಕ್ಸ್ ಎಸ್‌ಇ ಇದೆ, 2023ರದ್ದು. ಫೋನ್ ಜೊತೆ ಬ್ಲೂಟೂತ್‌ನಲ್ಲಿ ಸೇರಿಸಿ ಡಬ್ಬಿಗಳ ಪಟ್ಟಿ ಇಳಿಸಿಕೊಳ್ಳಬಹುದು. ಬಣ್ಣದ ನಕ್ಷೆ ಬೇಕೇಬೇಕು ಅನ್ನುವವರಿಗೆ 22ಎಕ್ಸ್. ಗಾರ್ಮಿನ್‌ನದೇ ಜಿಪಿಎಸ್‌ಮ್ಯಾಪ್ 67 ಬಹಳ ಒಳ್ಳೆಯದು, ಎಲ್1 ಎಲ್5 ಎರಡೂ ಸಿಗ್ನಲ್ ಹಿಡಿಯುತ್ತದೆ. ಆದರೆ ಹತ್ತು ವರ್ಷದ ಹುಡುಗ ಪಾರ್ಕಿನಲ್ಲಿ ಆಡಲಿಕ್ಕೆ ಅಷ್ಟು ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ.


ಮಳೆಯೂರಿನವ, ಸಿಯಾಟಲ್

ಇಲ್ಲಿ ನಿಂತು ಓದಿ, ಮುಖ್ಯವಾದ ಮಾತು. ನಿಮ್ಮ ಅಣ್ಣನಿಗೂ ತೋರಿಸಿ. ಜಿಪಿಎಸ್‌ಮ್ಯಾಪ್ 67 ಬೇರೆ, 67ಐ ಬೇರೆ. ಆ ಒಂದು ಅಕ್ಷರ ಇದ್ದರೆ ಅದರೊಳಗೆ ಇನ್‌ರೀಚ್ ಇದೆ ಅಂತ ಅರ್ಥ. ಅಂದರೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ. ಭಾರತದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಅಂಥದ್ದನ್ನು ಇಟ್ಟುಕೊಳ್ಳುವಂತಿಲ್ಲ, ಸ್ಯಾಟಲೈಟ್ ಫೋನಿನ ಹಾಗೇ. ವಿಮಾನ ನಿಲ್ದಾಣದಲ್ಲೇ ಪ್ರವಾಸಿಗರನ್ನು ಹಿಡಿದು ಕೇಸು ಹಾಕಿದ್ದುಂಟು. ಚಾರಣಕ್ಕೆ ಅಂತ ಹೇಳಿದರೂ ಕೇಳುವುದಿಲ್ಲ. ಜಿಪಿಎಸ್ ಅಂದರೆ ಸಿಗ್ನಲ್ ಕೇಳಿಸಿಕೊಳ್ಳುವ ರೇಡಿಯೋ ಇದ್ದ ಹಾಗೆ, ಇನ್‌ರೀಚ್ ಅಂದರೆ ತಿರುಗಿ ಮಾತಾಡುವ ಸಾಧನ. ಮಾತಾಡುವುದನ್ನು ತರಬೇಡಿ.


ಪುಟ್ಟನ ಅಮ್ಮ, ಬೆಂಗಳೂರು

ಅಯ್ಯೋ, ಅಣ್ಣ ಅದನ್ನೇ ನೋಡಿಟ್ಟಿದ್ದ! "ಕಾಡಿನಲ್ಲಿ ಕಳೆದುಹೋದರೆ ಇರಲಿ" ಅಂತ. ಬೇಡ ಅಂತ ಈಗಲೇ ಮೆಸೇಜ್ ಮಾಡಿದೆ. ಸದ್ಯಕ್ಕೆ ಫೋನೇ ಸಾಕು.

ಅಂದ ಹಾಗೆ ಅಣ್ಣ ಇನ್ನೊಂದು ಐಡಿಯಾ ಹಾಕಿದ್ದಾನೆ. ಡಿಸೆಂಬರ್‌ನಲ್ಲಿ ಬಂದಾಗ ಹಂಪಿಯಲ್ಲೊಂದು, ನಂದಿಬೆಟ್ಟದಲ್ಲೊಂದು ಡಬ್ಬಿ ಇಟ್ಟು ಹೋಗುತ್ತಾನಂತೆ.


ಇಂಬಳ, ತೀರ್ಥಹಳ್ಳಿ

ಹಂಪಿ ಬೇಡವೇ ಬೇಡ. ಅದು ವಿಶ್ವ ಪರಂಪರೆಯ ತಾಣ. ಅಲ್ಲಿ ಕಲ್ಲಿನ ಸಂದಿಯಲ್ಲಿ ಡಬ್ಬಿ ಇದೆ ಅಂದರೆ ಬರುವವರು ಹತ್ತು ಕಲ್ಲು ಅಲ್ಲಾಡಿಸಿ ನೋಡುತ್ತಾರೆ. ಹಳೇ ಗುಡಿ, ಕೋಟೆ ಗೋಡೆ, ವೀರಗಲ್ಲು, ಯಾವುದರಲ್ಲೂ ಬೇಡ. ಅಭಯಾರಣ್ಯದಲ್ಲೂ ಅಷ್ಟೇ, ಅಲ್ಲಿ ಕಾಲುದಾರಿ ಬಿಟ್ಟು ಇಳಿಯುವುದೇ ತಪ್ಪು.

ನಂದಿಬೆಟ್ಟದಲ್ಲಿ ಕೋತಿಗಳಿವೆ. ಅವಕ್ಕೆ ಜಿಪಿಎಸ್ ಬೇಕಾಗಿಲ್ಲ.

ಮತ್ತೆ ಎಲ್ಲೇ ಹೋಗಿ, ಸಂದಿಗೆ ಬರಿಗೈ ಹಾಕಬೇಡಿ. ಮೊದಲು ಟಾರ್ಚ್ ಹಾಕಿ ನೋಡಿ, ಆಮೇಲೆ ಕೋಲು. ನನಗೆ ಒಮ್ಮೆ ಡಬ್ಬಿಯ ಬದಲು ಚೇಳು ಸಿಕ್ಕಿದೆ. ಲಾಗ್ ಹಾಕಲು ಸೈಟಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಬಂದರೆ ಕಾಲಿಗೆ ಸುಣ್ಣ ಹೊಗೆಸೊಪ್ಪು ಹಚ್ಚಿಕೊಂಡು ಬನ್ನಿ. ನನ್ನ ಹೆಸರಿನ ಪ್ರಾಣಿ ಕಾಯುತ್ತಿರುತ್ತದೆ.


ಮಳೆಯೂರಿನವ, ಸಿಯಾಟಲ್

ಇಟ್ಟು ಹೋಗುವ ವಿಷಯದಲ್ಲಿ ನಾನೇ ಅಪರಾಧಿ. ಐದಾರು ವರ್ಷದ ಹಿಂದೆ ಊರಿಗೆ ಬಂದಾಗ ನಮ್ಮ ತೋಟದ ಹತ್ತಿರದ ಹಳ್ಳದ ಬದಿ ಒಂದು ಡಬ್ಬಿ ಇಟ್ಟೆ. ರಜೆಯಲ್ಲಿ ಬಂದವರು ಇಟ್ಟು ಓಡಿಹೋಗುವುದನ್ನು ಸೈಟಿನವರು ಒಪ್ಪುವುದಿಲ್ಲ, ಸ್ಥಳೀಯರು ನೋಡಿಕೊಳ್ಳಬೇಕು. ನಾನು ಚಿಕ್ಕಪ್ಪನ ಮಗ ನೋಡಿಕೊಳ್ಳುತ್ತಾನೆ ಅಂತ ಬರೆದು ಪಾಸು ಮಾಡಿಸಿಕೊಂಡೆ. ಅವನಿಗೆ ಹೇಳಿದಾಗ "ಹ್ಞೂಂ ಹ್ಞೂಂ" ಅಂದಿದ್ದ. ಮೊದಲ ಮಳೆಗಾಲದಲ್ಲೇ ಹಳ್ಳ ಬಂದು ಎತ್ತಿಕೊಂಡು ಹೋಯಿತು. ಬೆಂಗಳೂರಿನಿಂದ ಇಬ್ಬರು ಅಷ್ಟು ದೂರ ಹೋಗಿ ಹುಡುಕಿ, ಸಿಗಲಿಲ್ಲ ಅಂತ ಡಿಎನ್‌ಎಫ್ ಬರೆದರು. ನಾನಿಲ್ಲಿ ಕೂತು ತಮ್ಮನಿಗೆ ಫೋನ್ ಮಾಡಿದರೆ, "ಯಾವ ಡಬ್ಬಿ ಅಣ್ಣಯ್ಯ?" ಅಂದ. ಕೊನೆಗೆ ನಾನೇ ಪುಟ ಮುಚ್ಚಿದೆ. ಹುಡುಕಿದ ಆ ಇಬ್ಬರಿಗೆ ಇವತ್ತಿಗೂ ಒಂದು ಕಾಫಿ ಬಾಕಿ ಇದೆ.

ಒಂದು ಒಳ್ಳೆಯದೂ ಹೇಳಿಬಿಡುತ್ತೇನೆ. ಅವರು ಡಿಎನ್‌ಎಫ್ ಬರೆದದ್ದರಿಂದಲೇ ನನಗೆ ಗೊತ್ತಾಯಿತು. ಬಹಳ ಜನ ಅವಮಾನ ಅಂತ ಬರೆಯುವುದೇ ಇಲ್ಲ. ಇನ್ನು ಕೆಲವರು ಸಿಗದಿದ್ದಾಗ ತಮ್ಮದೇ ಹೊಸ ಡಬ್ಬಿ ಅಲ್ಲಿಟ್ಟು, ಸಿಕ್ಕಿತು ಅಂತ ಬರೆದುಕೊಳ್ಳುತ್ತಾರೆ. ಅದರಷ್ಟು ಸಿಟ್ಟು ಬರಿಸುವುದು ಬೇರೆ ಇಲ್ಲ. ನಿಜವಾದ ಡಬ್ಬಿ ಅಲ್ಲೇ ಇರುತ್ತದೆ, ಮುಂದೆ ಬಂದವರಿಗೆ ಎರಡೆರಡು ಸಿಗುತ್ತವೆ.


ಕುಡ್ಲದವ, ಈಗ ಜರ್ಮನಿ

ನಿಮ್ಮ ಅಣ್ಣನಿಗೆ ಡಬ್ಬಿಯೇ ಇಲ್ಲದ ಜಾತಿ ಒಂದಿದೆ ಅಂತ ಹೇಳಿ, ಅರ್ಥ್‌ಕ್ಯಾಶ್. ಹೋಗಿ ನೋಡಬೇಕಾದ್ದು ಬಂಡೆ, ಜಲಪಾತ ಇಂಥದ್ದು. ಅಲ್ಲಿ ನಿಂತು ಕಲ್ಲನ್ನು ಗಮನಿಸಿ, ಕೇಳಿದ ಪ್ರಶ್ನೆಗಳಿಗೆ ಓನರ್‌ಗೆ ಉತ್ತರ ಕಳಿಸಬೇಕು. ಕಸವಿಲ್ಲ, ಬಾಂಬ್ ದಳವಿಲ್ಲ. ಬೆಂಗಳೂರಿನವರಿಗೆ ಲಾಲ್‌ಬಾಗ್ ಬಂಡೆಗಿಂತ ಒಳ್ಳೆ ಜಾಗ ಬೇಕಾ? ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ಅದರ ಮೇಲೆ ಕೂತು ಕಡಲೆಕಾಯಿ ತಿನ್ನುತ್ತೇವೆ, ಅಲ್ಲೇ ಇರುವ ಭೂವಿಜ್ಞಾನ ಇಲಾಖೆಯ ಫಲಕ ಮಾತ್ರ ಓದುವುದಿಲ್ಲ. ಅರ್ಥ್‌ಕ್ಯಾಶ್ ಮಾಡುವುದಕ್ಕೂ ಜಾಗ ನೋಡಿಕೊಳ್ಳುವವರ ಒಪ್ಪಿಗೆ ಬೇಕು, ಅದನ್ನು ಮರೆಯಬೇಡಿ.

ಪಾರ್ಕಿನ ಡಬ್ಬಿಗೆ ಇನ್ನೊಂದು ನಿಯಮ. ಇನ್ನೊಬ್ಬರ ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರ ಇರಬೇಕು. ಇದೇನು ವಿಚಿತ್ರ ಅಂಕಿ ಅಂದರೆ, ಮೈಲಿಯ ಹತ್ತನೇ ಒಂದು ಭಾಗ. ಮ್ಯಾಪಿನಲ್ಲಿ ಕಾಣದ ಡಬ್ಬಿಗಳೂ ಇರುತ್ತವೆ, ಒಗಟು ಬಿಡಿಸಿದವರಿಗೆ ಮಾತ್ರ ಜಾಗ ತಿಳಿಯುವಂಥವು. ಹಾಗಾಗಿ ರಿವ್ಯೂವರ್ ಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡಿ.

ಆ ಬಿಲ್ಲೆಯ ಬಗ್ಗೆ: ಎಲ್ಲಿಗೆ ಹೋಗಬೇಕಂತೆ ಅದು?


ಪುಟ್ಟನ ಅಮ್ಮ, ಬೆಂಗಳೂರು

ನಂಬರ್ ಹಾಕಿ ನೋಡಿದೆವು. ಕೆನಡಾದ ಒಂದು ಶಾಲೆಯ ಮಕ್ಕಳದ್ದು. "ಏಳು ಸಮುದ್ರ ನೋಡಬೇಕು" ಅಂತ ಆಸೆ. ನಾವು ಅದನ್ನು ಷೋಕೇಸಿನಲ್ಲಿ ಇಟ್ಟು ಗಾಜು ಒರೆಸುತ್ತಿದ್ದೆವು!


ಕುಡ್ಲದವ, ಈಗ ಜರ್ಮನಿ

ಜನವರಿಯಲ್ಲಿ ಮಂಗಳೂರಿಗೆ ಬರುತ್ತೇನೆ, ಬೆಂಗಳೂರಿನಲ್ಲಿ ಇಳಿಯುವುದು. ನನ್ನ ಕೈಗೆ ಕೊಡಿ. ಪಣಂಬೂರಿನಲ್ಲಿ ಅರಬ್ಬೀ ಸಮುದ್ರ ತೋರಿಸಿ ಫೋಟೋ ಹಾಕಿ, ವಾಪಸ್ ಹೋಗುವಾಗ ಜರ್ಮನಿಗೆ ಒಯ್ಯುತ್ತೇನೆ. ಇಲ್ಲಿ ಡಬ್ಬಿಗಳು ಎಷ್ಟು ಅಂದರೆ ಮನೆಯಿಂದ ಹಾಲು ತರಲು ಹೋಗುವ ದಾರಿಯಲ್ಲೇ ಮೂರಿವೆ. ಮುಂದಿನ ಸಮುದ್ರಕ್ಕೆ ಯಾರಾದರೂ ಸಾಗಿಸುತ್ತಾರೆ.


ಪುಟ್ಟನ ಅಮ್ಮ, ಬೆಂಗಳೂರು

(ಐದು ವಾರದ ಮೇಲೆ)

ಎಲ್ಲರಿಗೂ ವರದಿ. ಮೊದಲು ಬಡಾವಣೆಯ ಸಂಘದವರನ್ನು ಕೇಳಿದೆ. ಮೂರು ಮೀಟಿಂಗ್ ಆಯಿತು. ಒಬ್ಬರು "ಇದರಿಂದ ಪ್ರೇಮಿಗಳು ಬರುತ್ತಾರೆ" ಅಂದರು, ಹೇಗೆ ಅಂತ ನನಗೆ ಇನ್ನೂ ಅರ್ಥವಾಗಿಲ್ಲ. ಕೊನೆಗೆ ಪಾರ್ಕ್ ನೋಡಿಕೊಳ್ಳುವ ಕಚೇರಿಗೂ ಒಂದು ಅರ್ಜಿ ಕೊಟ್ಟು, ಎರಡೂ ಕಡೆಯಿಂದ ಒಪ್ಪಿಗೆ ಪತ್ರ ಪಡೆದೆ.

ಆದರೆ ನಿಜವಾಗಿ ಉಪಕಾರ ಮಾಡಿದ್ದು ಪಾರ್ಕಿನ ಮಾಲಿ. ನಾವು ಒಂದು ಮರದ ಪೊಟರೆ ನೋಡಿಟ್ಟಿದ್ದೆವು. ಅವರು "ಅದರಲ್ಲಿ ಗಿಳಿ ಮರಿ ಮಾಡ್ತಾವೆ, ಬೇಡಮ್ಮ" ಅಂದರು. ಅವರೇ ಬೇರೆ ಜಾಗ ತೋರಿಸಿದರು. ಎಲ್ಲಿ ಅಂತ ಹೇಳುವುದಿಲ್ಲ. ಉಪ್ಪಿನಕಾಯಿ ತುಂಬುವ ಪಾರದರ್ಶಕ ಡಬ್ಬಿ, ಬಿಗಿ ಮುಚ್ಚಳ. ವಾಸನೆ ಹೋಗಲು ನಾಲ್ಕು ಸಲ ತೊಳೆದೆ. ಚೀಟಿಯನ್ನು ಪುಟ್ಟನೇ ಬರೆದ. ಒಳಗೆ ಪುಸ್ತಕ, ಪೆನ್ಸಿಲ್, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಪೊಟ್ಟಣ, ಎರಡು ಗೋಲಿ, ಒಂದು ಚನ್ನಪಟ್ಟಣದ ಬುಗುರಿ. ಅಂಕಿಗಳನ್ನು ಮೂರು ಬೇರೆ ದಿನ ಹೋಗಿ ಬರೆದುಕೊಂಡು ಸರಾಸರಿ ತೆಗೆದೆವು. ಈ ಸಲ ದಶಮಾಂಶ ಮಿನಿಟಿನಲ್ಲಿ!

ಒಂದು ಪೇಚು. ಸುಳಿವನ್ನು ಕನ್ನಡದಲ್ಲಿ ಬರೆದರೆ ಗುಟ್ಟು ನಿಲ್ಲುವುದಿಲ್ಲ. ಆ ಸೈಟು ಸುಳಿವಿನ ಇಂಗ್ಲಿಷ್ ಅಕ್ಷರಗಳನ್ನು 13 ಸ್ಥಾನ ಮುಂದಕ್ಕೆ ತಳ್ಳಿ ಕಲಸುತ್ತದೆ, ಕನ್ನಡ ಅಕ್ಷರಗಳನ್ನು ಮುಟ್ಟುವುದಿಲ್ಲ. ಹಾಗಾಗಿ ಕನ್ನಡ ಸುಳಿವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೇನೆ.

ನಿನ್ನೆ ಪ್ರಕಟ ಆಗಿದೆ. ಮೊದಲು ಹುಡುಕಿದವರಿಗೆ ಎಫ್‌ಟಿಎಫ್ ಅನ್ನುತ್ತಾರಲ್ಲ, ಇವತ್ತು ಬೆಳಿಗ್ಗೆ ಆರೂವರೆಗೆ ಯಾರೋ ಕಾಲೇಜು ಹುಡುಗಿ ಬಂದು ಹುಡುಕಿ ಸಹಿ ಹಾಕಿದ್ದಾಳೆ. ಪುಟ್ಟ ಶಾಲೆಗೆ ಹೋಗುವ ಮುಂಚೆ ಹೋಗಿ ಆ ಸಹಿ ನೋಡಿ ಬಂದ.


ಹಳೇ ನೋಕಿಯಾ, ಬೆಂಗಳೂರು

ನಾನು ಎರಡನೆಯವನು, ಸಂಜೆ ಹೋಗಿದ್ದೆ. ಫೋನ್ ಹಿಡಿದು ನಿಂತದ್ದೇ ತಡ, ಮಾಲಿ ದೂರದಿಂದಲೇ "ಆ ಕಡೆ, ಆ ಕಡೆ" ಅಂತ ಕೈ ತೋರಿಸಿಬಿಟ್ಟರು. ಕಷ್ಟದ ಮಟ್ಟ 2 ಅಂತ ಹಾಕಿದ್ದೀರಿ. ಮಾಲಿ ಇದ್ದರೆ 1.


ಮಳೆಯೂರಿನವ, ಸಿಯಾಟಲ್

ಮುಂದಿನ ಸಲ ಬಂದಾಗ ಬೀಗದ ಕೈ ತರುವುದಿಲ್ಲ, ಮಾಲಿಗೆ ನೇರ ನಮಸ್ಕಾರ.


ಸರ್ವೆ ಕಲ್ಲು, ಮೈಸೂರು

ಮಗಳ ಮನೆಗೆ ಬಂದಿದ್ದೆ. ಅಲ್ಲಿಂದ ನಿಮ್ಮ ಪಾರ್ಕಿಗೆ ನಡೆದೇ ಹೋದೆ. ಅಂಕಿ ಸರಿಯಾಗಿದೆ, ನಾಲ್ಕು ಸಲ ಪರೀಕ್ಷಿಸಿದೆ. ಒಂದು ಗಂಟೆ ಹುಡುಕಿದೆ. ಸಿಗಲಿಲ್ಲ. ಮಾಲಿ ಎಲ್ಲಿ ಅಂತ ಕೇಳಿದರೆ, ಅವತ್ತು ರಜೆಯಂತೆ. ಡಿಎನ್‌ಎಫ್ ಬರೆದಿದ್ದೇನೆ. ಶನಿವಾರ ಮತ್ತೆ ಹೋಗುತ್ತೇನೆ, ಯಾರೂ ಸುಳಿವು ಕೊಡಬೇಡಿ.